ಸಿತಾರ್ ರತ್ನ ರಹಿಮತ್ ಖಾನ್

ಧಾರವಾಡ ಎಂದರೆ ಪೇಡ ಮತ್ತು ದೊಡ್ಡ ದೊಡ್ಡ ಗಾಯಕರು ನೆನಪಾಗುತ್ತಾರೆ. ಆ ಊರಿಗೆ ಸಿತಾರಿನಿಂದಲೂ ಹೆಸರು ತಂದವರು ಉಸ್ತಾದ್ ರಹಿಮತ್ ಖಾನ್.

ಅವರು ಬಂದೇ ಅಲಿ ಖಾನ್ ಅವರ ಶಿಷ್ಯರು. ಗುರುಗಳು ನುಡಿಸುತ್ತಿದ್ದುದು ಬೀನ್, ಅಂದರೆ ರುದ್ರವೀಣೆ. ಅದರ ದನಿ ಬಹಳ ಗಂಭೀರ. ಶಿಷ್ಯರು ಸಿತಾರಿಗೆ ಮಂದ್ರ ಸ್ವರದ ತಂತಿಗಳನ್ನು ಸೇರಿಸಿ ಹೆಸರಾದರು. ಮೈಸೂರು ಆಸ್ಥಾನ ಅವರಿಗೆ ಸಿತಾರ್ ರತ್ನ ಎಂಬ ಬಿರುದು ಕೊಟ್ಟಿತು.

ಗಿಟಾರಿಗೆ ಪಿಕ್ ಇದ್ದಂತೆ ಸಿತಾರಿಗೆ ಮಿಜ್ರಾಬ್. ಉಕ್ಕಿನ ತಂತಿ ಬಗ್ಗಿಸಿ ಮಾಡಿದ ಇದನ್ನು ಬಲಗೈ ತೋರುಬೆರಳಿಗೆ ಹಾಕುತ್ತಾರೆ. ಸಡಿಲವಾದರೆ ಮೀಟುವಾಗ ತಿರುಗಿಬಿಡುತ್ತದೆ, ತೀರಾ ಬಿಗಿಯಾದರೆ ಬೆರಳು ನೋಯುತ್ತದೆ. ಮಂದ್ರದ ತಂತಿಗಳು ದಪ್ಪವಾದ್ದರಿಂದ ಅದು ಅಲುಗದೆ ಕೂತಿರಲೇಬೇಕು. ಬೇರೆಯವರದು ನಮಗೆ ಸರಿಹೋಗುವುದಿಲ್ಲ; ಅವರವರ ಬೆರಳಿನ ಅಳತೆಗೆ ಆರಿಸಿ, ಮೆಲ್ಲಗೆ ಒತ್ತಿ ಹೊಂದಿಸಿಕೊಳ್ಳಬೇಕು. ನುಡಿಸಿದ ಮೇಲೆ ಬೆವರು ಒರೆಸಿಡಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ನಮ್ಮ ಮೂಡಿಗೆರೆ, ಕಳಸದ ಮಳೆಗಾಲದಲ್ಲಂತೂ ಒಣ ಡಬ್ಬಿಯೇ ಬೇಕು. ತುದಿ ಸವೆದು ಒರಟಾದರೆ ತಂತಿಗೆ ಸಿಕ್ಕಿ ದನಿ ಕೆಡುತ್ತದೆ. ಆಗ ಹೊಸದನ್ನೇ ಕೊಳ್ಳಬೇಕು.

ಮಿಜ್ರಾಬ್ ಒಬ್ಬರ ಬೆರಳಿಗೆ ಮಾತ್ರ. ವಿದ್ಯೆ ಹಾಗಲ್ಲ. ಹೊರಗಿನಿಂದ ಬಂದ ರಹಿಮತ್ ಖಾನ್ ಧಾರವಾಡದಲ್ಲೇ ನೆಲೆಸಿ ಕಲಿಸಿದರು, ಅಲ್ಲಿಯವರೇ ಆದರು. 1954ರಲ್ಲಿ ತೀರಿಕೊಂಡರು. ಅವರ ಸಿತಾರ್ ಮಗ ಅಬ್ದುಲ್ ಕರೀಂ ಖಾನ್ ಅವರಿಗೆ, ನಂತರ ಮೊಮ್ಮಗ ಬಾಲೇ ಖಾನ್ ಅವರಿಗೆ ಬಂತು. ಈಗ ಮರಿಮಕ್ಕಳೂ ನುಡಿಸುತ್ತಾರೆ. ಮನೆತನದ ಆಸ್ತಿ ಎಂದರೆ ಬರೀ ಜಮೀನು, ತೋಟ ಅಲ್ಲ. ಹಂಚಿದಷ್ಟೂ ಕಡಿಮೆಯಾಗದ ಆಸ್ತಿಯೂ ಇದೆ ಎಂಬುದು ಅವರ ಬದುಕಿನಿಂದ ನನಗೆ ತಿಳಿಯಿತು.