ಲೇತ್‌ನಲ್ಲಿ ಮಾಡಿಸಿದ ಬಿಡಿಭಾಗವೆಲ್ಲ ಡೂಪ್ಲಿಕೇಟ್ ಎಂಬುದು ನಿಜವೇ? ಲಕ್ಷ್ಮಣರಾವ್ ಕಿರ್ಲೋಸ್ಕರ್ ಬದುಕಿನಲ್ಲಿದೆ ಉತ್ತರ

ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆ ಹಳೆಯ ಅಂಬಾಸಿಡರ್ ಇಟ್ಟುಕೊಂಡವರಿಗೆ ಸಾಮಾನು ಹುಡುಕುವುದೇ ದೊಡ್ಡ ಚಿಂತೆ. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ಲೇತ್‌ನಲ್ಲಿ ಮಾಡಿಸಿದ್ದೆಲ್ಲ ಡೂಪ್ಲಿಕೇಟ್, ಕಂಪನಿ ಡಬ್ಬಿಯಲ್ಲಿ ಬಂದದ್ದೇ ಒರಿಜಿನಲ್ ಎಂಬ ಮಾತು ಬೇರೆ. ಇದು ಎಷ್ಟು ನಿಜ? ನಮ್ಮ ಭಾಗದವರೇ ಆದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಬದುಕನ್ನು ನೋಡೋಣ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಹುಟ್ಟಿದ ಅವರಿಗೆ ಚಿತ್ರಕಾರನಾಗುವ ಆಸೆಯಿತ್ತು. ಮುಂಬೈನ ಜೆ.ಜೆ. ಕಲಾಶಾಲೆಗೂ ಸೇರಿದರು. ಆದರೆ ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು, ಅದನ್ನೇ ಕಲಿಸುವ ಶಿಕ್ಷಕರೂ ಆದರು. ಮುಂದೆ ಬೆಳಗಾವಿಗೆ ಬಂದು ಸೈಕಲ್ ಮಾರಾಟ, ರಿಪೇರಿಗೆ ಇಳಿದರು. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು.

ನೇಗಿಲಿಗೆ ಅಡ್ಡ ಬಂದದ್ದು ಒಂದು ನಂಬಿಕೆ: ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ! ಮೊದಲ ನೇಗಿಲು ಮಾರಾಟವಾಗಲು ಸುಮಾರು 2 ವರ್ಷ ಹಿಡಿಯಿತು ಎನ್ನುತ್ತಾರೆ. ನಿಜ ಹೇಳಬೇಕೆಂದರೆ ನಮ್ಮ ಎರೆಮಣ್ಣಿನಲ್ಲೇ ಕಬ್ಬಿಣದ ಅಂಶವಿದೆ. ನೇಗಿಲು ನೆಲದಲ್ಲಿ ಕೆಲಸ ಮಾಡಿ ತೋರಿಸಿದ ಮೇಲೆ ಆ ಭಯ ಹೋಯಿತು.

1910ರಲ್ಲಿ ಔಂಧ್ ಸಂಸ್ಥಾನದ ರಾಜರ ನೆರವಿನಿಂದ ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರದ ಬರಡು ನೆಲದಲ್ಲಿ ಕಾರ್ಖಾನೆ ಕಟ್ಟಿದರು. ಅದೇ ಇಂದಿನ ಕಿರ್ಲೋಸ್ಕರವಾಡಿ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. ಅಲ್ಲಿ ತಯಾರಾದದ್ದು ಲೇತ್ ಯಂತ್ರ! ಅಂದರೆ ಬೇರೆ ಯಂತ್ರಗಳ ಬಿಡಿಭಾಗ ಮಾಡುವ ಯಂತ್ರ. ಲಕ್ಷ್ಮಣರಾವ್ 1956ರಲ್ಲಿ ತೀರಿಕೊಂಡರು.

ಹಾಗಾದರೆ ಆ ಮಾತು? ಅರ್ಧ ಸುಳ್ಳು. ಕಾರ್ಖಾನೆಯಲ್ಲೂ ಬಿಡಿಭಾಗಗಳನ್ನು ಕಡೆಯುವುದು ಇಂಥ ಯಂತ್ರಗಳೇ. ಸರಿಯಾದ ಲೋಹ ಆರಿಸಿ, ಮೈಕ್ರೋಮೀಟರ್ ಹಿಡಿದು ಅಳತೆ ನೋಡಿ ಮಾಡಿದ ಬುಷ್, ಪಿನ್, ಸ್ಪೇಸರ್ ಚೆನ್ನಾಗಿಯೇ ಬಾಳುತ್ತವೆ. ಮೇಲಿನ ಡಬ್ಬಿಯನ್ನಾದರೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಉಳಿದರ್ಧದಲ್ಲಿ ಎಚ್ಚರ ಬೇಕು. ಬ್ರೇಕ್ ಮತ್ತು ಸ್ಟೀರಿಂಗ್ ಭಾಗಗಳಿಗೆ ಅಳತೆ ಸರಿಯಿದ್ದರಷ್ಟೇ ಸಾಲದು. ಸ್ಟೀರಿಂಗ್‌ನ ಉಕ್ಕನ್ನು ಕಾಯಿಸಿ, ಬಡಿದು, ಹದ ಮಾಡಿರುತ್ತಾರೆ. ಬ್ರೇಕ್ ಪ್ಯಾಡ್ ಬಿಸಿಯಲ್ಲೂ ಹಿಡಿತ ಬಿಡಬಾರದು. ಈ ಗುಣ ಕಣ್ಣಿಗೆ ಕಾಣುವುದಿಲ್ಲ, ಕೈಕೊಟ್ಟಾಗಲೇ ಗೊತ್ತಾಗುವುದು. ಇವನ್ನು ಲೇತ್‌ನಲ್ಲಿ ಮಾಡಿಸಬೇಡಿ, ವೆಲ್ಡಿಂಗ್ ಹಾಕಿಸಿ ಓಡಿಸಲೂ ಬೇಡಿ.

ಹುಬ್ಬಳ್ಳಿಗೆ ಹೋಗುವಾಗ ಹಳೆಯ ಭಾಗವನ್ನು ಜೊತೆಗೆ ಒಯ್ಯಿರಿ. ಅದರ ಮೇಲಿನ ಪಾರ್ಟ್ ನಂಬರ್ ಹೋಲಿಸಿ, ಬಿಲ್ ಕೇಳಿ ಪಡೆಯಿರಿ. ಈ ಸಂದೇಶ ಕಳಿಸುವುದಾದರೆ ಬ್ರೇಕ್ ವಿಷಯವನ್ನು ಬಿಡದೆ ಪೂರ್ತಿ ಕಳಿಸಿ.