ಶಿಸ್ತಿನ ಶಿವಪ್ಪನಾಯಕ

ಕೆಳದಿಯ ವೀರಶೈವ ಅರಸುಮನೆತನದ ಶಿವಪ್ಪನಾಯಕನು 1645ರಿಂದ 1660ರವರೆಗೆ ಬಿದನೂರಿನಿಂದ ರಾಜ್ಯವಾಳಿದನು. ಇಂದು ಲಿಂಗನಮಕ್ಕಿಯ ಹಿನ್ನೀರಿನಂಚಿನಲ್ಲಿರುವ ಹೊನ್ನೆಮರಡು ಪ್ರದೇಶವೂ ಆ ರಾಜ್ಯಕ್ಕೆ ಸೇರಿದ್ದಿತು.

ತೆರಬೇಕಾದುದೆಷ್ಟೆಂದು ತಿಳಿಯದ ಒಕ್ಕಲಿಗನಿಗೆ ಬೆಳೆ ಕೈಸೇರಿದರೂ ನಿದ್ದೆಯಿಲ್ಲ; ಲಿಂಗಪೂಜೆಗೆ ಕುಳಿತರೂ ಮನಸ್ಸು ಲೆಕ್ಕದಲ್ಲಿಯೇ ಸುತ್ತುವುದು. ನಾಯಕನು ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ತರಗಳಾಗಿ ವಿಂಗಡಿಸಿದನು. 12 ವರ್ಷಗಳ ಬೆಳೆಯ ಸರಾಸರಿ ನೋಡಿ, ಮೂರರಲ್ಲೊಂದು ಪಾಲನ್ನು ಅರಮನೆಗೆ ಗೊತ್ತುಪಡಿಸಿದನೆಂದು ಪ್ರತೀತಿ. ಇದೇ ನಾಡಿನಲ್ಲಿ ಹೆಸರಾದ ‘ಶಿಸ್ತು’.

ತೆರಿಗೆಯ ಹೊರೆ ಹೊರೆಯೇ ಸರಿ. ಆದರೆ ಅದರ ಅಳತೆ ಮೊದಲೇ ತಿಳಿದಿದ್ದರೆ ಹೊರುವವನ ಮನಸ್ಸು ಕುಗ್ಗದು. ಗೃಹಸ್ಥ ಭಕ್ತನೂ ತನ್ನ ಆಯವ್ಯಯಗಳಿಗೆ ಇಂತಹ ಶಿಸ್ತನ್ನು ಕಟ್ಟಿಕೊಂಡರೆ ಚಿಂತೆಯ ಭಾರ ತಗ್ಗಿ, ಕಾಯಕ ದಾಸೋಹಗಳಲ್ಲಿ ಮನಸ್ಸು ನೆಲೆಗೊಳ್ಳುವುದು.