ಅಣ್ಣಾಭಾವು ಸಾಠೆ ಮತ್ತು ಮೈನಾಳ ವಿರಹ

ತುಕಾರಾಮ ಭಾವುರಾವ್ ಸಾಠೆಯವರು 1920ರ ಆಗಸ್ಟ್ 1ರಂದು ಇಂದಿನ ಸಾಂಗ್ಲಿ ಜಿಲ್ಲೆಯ ವಾಟೆಗಾಂವದಲ್ಲಿ, ಮಾಂಗ ಸಮುದಾಯದ ಬಡ ಕುಟುಂಬವೊಂದರಲ್ಲಿ ಜನಿಸಿದರು. ಲೋಕ ಅವರನ್ನು ಬಲ್ಲುದು ಅಣ್ಣಾಭಾವು ಎಂಬ ಹೆಸರಿನಿಂದ. ಅವರು ಶಾಲೆಗೆ ಹೋದದ್ದು ಒಂದೂವರೆ ದಿನ ಮಾತ್ರ ಎಂಬುದು ಮರಾಠಿ ನಾಡಿನಲ್ಲಿ ಮನೆಮಾತಾಗಿದೆ. ಬಾಲ್ಯದಲ್ಲಿಯೇ ಕುಟುಂಬದೊಡನೆ ಕಾಲ್ನಡಿಗೆಯಲ್ಲಿ ಮುಂಬಯಿ ಸೇರಿದರು. ಹಮಾಲಿ ಮಾಡಿದರು, ಗಿರಣಿಯಲ್ಲಿ ದುಡಿದರು, ಘಾಟಕೋಪರದ ಚಿರಾಗ ನಗರದ ಗುಡಿಸಲಿನಲ್ಲಿ ಬಹುಕಾಲ ಬಾಳಿದರು. ಕಾರ್ಮಿಕ ಚಳವಳಿ ಅವರನ್ನು ಕಮ್ಯುನಿಸ್ಟ್ ಪಕ್ಷದತ್ತ ಸೆಳೆಯಿತು. 1944ರಲ್ಲಿ ಅಮರ ಶೇಖ್ ಮತ್ತು ಗವಾಣಕರರೊಡನೆ ಅವರು ಲಾಲ್ ಬಾವಟಾ ಕಲಾಪಥಕವನ್ನು ಕಟ್ಟಿದರು. ತಮಾಷಾ ಪ್ರದರ್ಶನಗಳಿಗೆ ಸರ್ಕಾರ ತಡೆಯೊಡ್ಡಿದಾಗ ಅದೇ ಕಲೆಯನ್ನು ಲೋಕನಾಟ್ಯವೆಂಬ ಹೆಸರಿನಲ್ಲಿ ಮುಂದುವರಿಸಿದ ಜಾಣ್ಮೆ ಅವರದು.

1950ರ ದಶಕದಲ್ಲಿ, ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾವಿನಲ್ಲಿ, ಅವರು ರಚಿಸಿದ ಲಾವಣಿ ಮಾಝೀ ಮೈನಾ. ಮೇಲುನೋಟಕ್ಕೆ ಅದೊಂದು ಪ್ರೇಮಗೀತೆ. ದುಡಿಮೆಗಾಗಿ ಮುಂಬಯಿಗೆ ಹೊರಟವನು ಹಳ್ಳಿಯಲ್ಲೇ ಉಳಿದ ಹೆಂಡತಿಯನ್ನು ನೆನೆಯುತ್ತಾನೆ. ನಸುಕಿನಲ್ಲಿ ಬುತ್ತಿ ಕಟ್ಟಿಕೊಟ್ಟು ಊರಂಚಿನವರೆಗೆ ಬಂದ ಮೈನಾಳ ಮುಖ ಬಾಡುತ್ತದೆ. ನಗಿಸಲೆಂದು ಅವನು ಕಾಗದ ಬರೆಯುವೆನೆನ್ನುತ್ತಾನೆ, ಕೊಲ್ಹಾಪುರದ ಸರ, ನತ್ತು, ಕಾಲುಂಗುರಗಳ ಆಸೆ ತೋರಿಸುತ್ತಾನೆ. ಅವಳು ಅರಳುವುದಿಲ್ಲ. ಆ ಒಡವೆಗಳ ಉದ್ದನೆಯ ಪಟ್ಟಿ ಕೇಳುತ್ತಿದ್ದಂತೆ, ಅವುಗಳಲ್ಲಿ ಒಂದನ್ನೂ ತರಲಾರದವನ ಸಂಕಟವೇ ಕೇಳುಗನನ್ನು ತಟ್ಟುತ್ತದೆ. ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಇದು ವಿಪ್ರಲಂಭ ಶೃಂಗಾರ; ಆದರೆ ಇಲ್ಲಿ ಶಾಪವೂ ಇಲ್ಲ, ಪ್ರಣಯದ ಮುನಿಸೂ ಇಲ್ಲ. ಅಗಲಿಸಿದ್ದು ಬಡತನ. ಗಿರಣಿಯ ಕಾರ್ಮಿಕರಲ್ಲಿ ಹೆಚ್ಚಿನವರು ಹೀಗೆಯೇ ಮನೆ ಬಿಟ್ಟು ಬಂದವರಾದ್ದರಿಂದ, ಅಮರ ಶೇಖರ ಕಂಚಿನ ಕಂಠದಲ್ಲಿ ಅವರು ಕೇಳಿದ್ದು ತಮ್ಮದೇ ಕಥೆಯನ್ನು.

ಲಾವಣಿ ಅಲ್ಲಿಗೆ ನಿಲ್ಲುವುದಿಲ್ಲ. ಮುಂಬಯಿಯ ನಿರುದ್ಯೋಗಿಗಳ ಗುಂಪನ್ನು ಹಾದು ಚಳವಳಿಯ ಕಣಕ್ಕೆ ಬರುತ್ತದೆ. ಬೆಳಗಾವಿ, ಕಾರವಾರ, ಡಾಂಗ, ಉಂಬರಗಾಂವಗಳನ್ನು ಹೆಸರಿಸಿ, ಗಂಡ ಹೆಂಡಿರ ಅಗಲಿಕೆಯನ್ನೇ ತುಂಡಾದ ಮಹಾರಾಷ್ಟ್ರದ ಸ್ಥಿತಿಗೆ ಹೋಲಿಸುತ್ತದೆ. ಭಾಷಣ ಮುಟ್ಟದ ಮನಸ್ಸನ್ನು ಈ ಹೋಲಿಕೆ ಮುಟ್ಟಿತು. 1957ರ ಚುನಾವಣೆಯಲ್ಲಿ ಸಂಯುಕ್ತ ಮಹಾರಾಷ್ಟ್ರ ಸಮಿತಿ ಮುಂಬಯಿಯಲ್ಲೂ ಪಶ್ಚಿಮ ಮಹಾರಾಷ್ಟ್ರದಲ್ಲೂ ಕಾಂಗ್ರೆಸ್ಸನ್ನು ಹಿಂದಿಕ್ಕಿತು. ಮರಾಠವಾಡದಲ್ಲಿ ಅಂಥ ಬದಲಾವಣೆಯಾಗಲಿಲ್ಲ. 1960ರ ಮೇ 1ರಂದು ಮುಂಬಯಿ ಸಹಿತ ಮಹಾರಾಷ್ಟ್ರ ರೂಪುಗೊಂಡಿತು. ಹಾಡಿನಲ್ಲಿ ಹೆಸರಿಸಿದ ಆ ನಾಲ್ಕೂ ಸ್ಥಳಗಳು ಹೊರಗೇ ಉಳಿದವು.

ಬೆಳಗಾವಿ, ಕಾರವಾರಗಳನ್ನು ತಮ್ಮ ಮನೆಯೆಂದೇ ಬಲ್ಲ ಕನ್ನಡಿಗರಿಗೆ ಹಾಡಿನ ಈ ಭಾಗ ಒಪ್ಪಿತವಾಗುವಂಥದ್ದಲ್ಲ. ಗಡಿಯ ಈ ಕಡೆಗೆ ಇನ್ನೊಂದು ಅಗಲಿಕೆಯೂ ಇತ್ತು. 1956ರ ನವೆಂಬರ್ 1ರವರೆಗೆ ಉದಗೀರ ಮತ್ತು ನಿಲಂಗಾ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳು. ಅಂದು ಅವು ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. ಬೀದರ ಮೈಸೂರು ರಾಜ್ಯಕ್ಕೆ ಹೋಯಿತು. ನಿನ್ನೆಯವರೆಗೆ ಜಿಲ್ಲಾಕೇಂದ್ರವಾಗಿದ್ದ ಊರು ಇಲ್ಲಿನ ಕನ್ನಡದ ಮನೆಗಳಿಗೆ ಪರರಾಜ್ಯವಾಯಿತು. ಉಮರ್ಗಾದ ಕನ್ನಡ ಮನೆಗಳಿಗೂ ಆಳಂದ, ಬಸವಕಲ್ಯಾಣಗಳ ನಂಟು ಗಡಿಯಾಚೆಯದಾಯಿತು. ಈ ಅಗಲಿಕೆಗೆ ಅಣ್ಣಾಭಾವು ಅವರ ಲಾವಣಿಯಲ್ಲಿ ಎಡೆಯಿಲ್ಲ. ಚಳವಳಿಗಾಗಿ ಹುಟ್ಟಿದ ಹಾಡಿನಲ್ಲಿ ಅದನ್ನು ನಿರೀಕ್ಷಿಸುವುದೂ ಸಲ್ಲದು. ಹಾಗಿದ್ದರೂ ಮಳೆ ಕೈಕೊಟ್ಟ ವರ್ಷ ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗುವ ಈ ತಾಲೂಕುಗಳ ಮನೆಯವರಿಗೆ, ಅವರ ನುಡಿ ಮರಾಠಿಯಿರಲಿ ಕನ್ನಡವಿರಲಿ, ಊರಂಚಿನಲ್ಲಿ ನಿಂತ ಮೈನಾಳ ಪರಿಚಯ ಹೇಳಬೇಕಿಲ್ಲ.

ಅಣ್ಣಾಭಾವು 1959ರಲ್ಲಿ ಪ್ರಕಟವಾದ ಫಕೀರಾ ಕಾದಂಬರಿಯನ್ನು ಡಾ. ಅಂಬೇಡ್ಕರರಿಗೆ ಅರ್ಪಿಸಿದರು; ಅದಕ್ಕೆ ರಾಜ್ಯ ಪ್ರಶಸ್ತಿ ಬಂದಿತು. 1961ರಲ್ಲಿ ರಷ್ಯಾಕ್ಕೆ ಹೋಗಿಬಂದು ಪ್ರವಾಸಕಥನ ಬರೆದರು. ಹೆಸರು ಹಬ್ಬಿದಷ್ಟು ಬದುಕು ಹಸನಾಗಲಿಲ್ಲ. 1969ರ ಜುಲೈ 18ರಂದು, ಐವತ್ತು ತುಂಬುವ ಮೊದಲೇ, ಮುಂಬಯಿಯಲ್ಲಿ ಬಡತನದಲ್ಲೇ ತೀರಿಕೊಂಡರು. ಪ್ರತಿ ಆಗಸ್ಟ್ 1ರಂದು ಮರಾಠವಾಡದ ಊರೂರುಗಳಲ್ಲಿ ಅವರ ಜಯಂತಿಯ ಮೆರವಣಿಗೆ ಹೊರಡುತ್ತದೆ.